ಎಂಜಿನ್ ಬಿಚ್ಚಿಸುವ ಮುನ್ನ ಕಂಪ್ರೆಷನ್ ನೋಡಿ

ಹುಬ್ಬಳ್ಳಿಯಿಂದ ಧಾರವಾಡದ ಕಡೆ ಏರು ಹತ್ತುವಾಗ ನನ್ನ ಹಳೇ ಪೆಟ್ರೋಲ್ ಕಾರು ಏದುಸಿರು ಬಿಡತೊಡಗಿತು. ಪಿಕಪ್ ಇಲ್ಲ, ನಿಂತಲ್ಲೇ ಗಡಗಡ ನಡುಕ. ಒಂದು ಗ್ಯಾರೇಜಿನಲ್ಲಿ ಗಾಡಿಗೆ ಕೈ ಹಚ್ಚುವ ಮೊದಲೇ ‘ಪೂರ್ತಿ ಎಂಜಿನ್ ಕೆಲಸ ಐತ್ರಿ’ ಎಂದುಬಿಟ್ಟರು. ನಾನು ಒಪ್ಪಲಿಲ್ಲ. ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಒತ್ತಿದಾಗ ಏಳುವ ಒತ್ತಡವೇ ಕಂಪ್ರೆಷನ್; ಅದನ್ನು ಅಳೆಯುವ ಗೇಜ್ ಹಾಕಿ ನೋಡದೆ ಆ ಮಾತು ಹೇಳಲು ಬರುವುದಿಲ್ಲ.

ಮೊದಲು ಕಿಡಿ ಹಾರಿಸುವ ಪ್ಲಗ್, ಅದಕ್ಕೆ ಕರೆಂಟ್ ಕೊಡುವ ಕಾಯಿಲ್ ನೋಡಿ. ಕಾಯಿಲ್ ಅದಲು ಬದಲು ಮಾಡಿದಾಗ ಮಿಸ್ಸಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಕೂಡ ಬೇರೆ ಸಿಲಿಂಡರಿಗೆ ಹೋದರೆ ತಪ್ಪು ಕಾಯಿಲಿನದು. ಹೋಗದಿದ್ದರೆ ಕಂಪ್ರೆಷನ್ ನೋಡುವ ಹೊತ್ತು ಬಂತು.

ಎಂಜಿನ್ ಬಿಸಿಯಾಗುವಷ್ಟು ಓಡಿಸಿ, ಆಫ್ ಮಾಡಿ, ಕೈ ಸುಡದಷ್ಟು ಆರಲು ಬಿಡಿ. ಪ್ಲಗ್ ಸುತ್ತಲಿನ ಧೂಳನ್ನು ಗಾಳಿ ಹೊಡೆದು ತೆಗೆಯಿರಿ. ಗದಗ ಕಡೆಯ ಎರೆಮಣ್ಣಿನ ರಸ್ತೆಯಲ್ಲಿ ಓಡಿದ ಗಾಡಿಯಾದರೆ ಇದನ್ನು ಬಿಡಲೇಬೇಡಿ, ಒಂದು ಚಿಟಿಕೆ ಒಳಗೆ ಬಿದ್ದರೂ ಸಿಲಿಂಡರ್ ಗೀರುತ್ತದೆ. ಫ್ಯೂಯಲ್ ಪಂಪಿನ ಫ್ಯೂಸ್ ತೆಗೆಯಿರಿ, ಕಾಯಿಲ್ ವೈರ್ ಬಿಡಿಸಿ, ಎಲ್ಲ ಪ್ಲಗ್ ಬಿಚ್ಚಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ.

ಒಂದು ಪ್ಲಗ್ ತೂತಿಗೆ ಗೇಜ್ ಬಿಗಿದು, ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಲಿ. ಮುಳ್ಳು ಐದಾರು ಸಲ ಜಿಗಿಯುವವರೆಗೆ ಸಾಕು. ಅಂಕಿ ಬರೆದುಕೊಂಡು ಮುಂದಿನದಕ್ಕೆ ಹೋಗಿ. ಬ್ಯಾಟರಿ ಸೋತಿದ್ದರೆ ಎಲ್ಲ ಅಂಕಿಯೂ ಸುಮ್ನೆ ಕಡಿಮೆ ಬರುತ್ತದೆ.

ಪೆಟ್ರೋಲ್ ಎಂಜಿನ್‌ನಲ್ಲಿ ಸಾಮಾನ್ಯವಾಗಿ 150ರಿಂದ 190 ಪಿಎಸ್‌ಐ (ಒತ್ತಡದ ಅಳತೆ) ಬರುತ್ತದೆ. ನಿಮ್ಮ ಗಾಡಿಯ ಸರಿಯಾದ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅಂಕಿಗಿಂತ ಸಿಲಿಂಡರುಗಳ ನಡುವಿನ ಅಂತರ ಮುಖ್ಯ: ಶೇ 10–15 ದಾಟಬಾರದು. ನನ್ನದರಲ್ಲಿ 165, 170, 90, 168 ಬಂತು. ಮೂರನೆಯದೇ ಕಳ್ಳ.

ಈಗ ನಿಜವಾದ ಪರೀಕ್ಷೆ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಗೇಜ್ ಬಿಗಿಯಿರಿ. ಈ ಆಯಿಲ್, ಪಿಸ್ಟನ್ನಿಗೆ ತೊಡಿಸಿದ ರಿಂಗುಗಳ ಸುತ್ತಲಿನ ಸಂದು ಮುಚ್ಚುತ್ತದೆ. ಹಾಗಾಗಿ ಮುಳ್ಳು ಚೆನ್ನಾಗಿ ಮೇಲೇರಿದರೆ ರಿಂಗ್ ಇಲ್ಲವೇ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಏರದಿದ್ದರೆ ತಪ್ಪು ಗಾಳಿ, ಹೊಗೆಯ ದಾರಿ ಮುಚ್ಚುವ ವಾಲ್ವಿನದು, ಅಥವಾ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗೆ ಸಂದು ಮುಚ್ಚುವ ಗ್ಯಾಸ್ಕೆಟಿನದು. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ನಡುವಿನ ಗ್ಯಾಸ್ಕೆಟ್ ಮೇಲೇ ಮೊದಲ ಅನುಮಾನ. ನನ್ನ 90 ಬರೀ 95 ಆಯಿತು. ಹೆಡ್ ಮಾತ್ರ ಇಳಿಸಿ ವಾಲ್ವ್ ಗ್ರೈಂಡಿಂಗ್ (ವಾಲ್ವ್ ಬಿಗಿಯಾಗಿ ಕೂರುವಂತೆ ತಿಕ್ಕುವುದು) ಮಾಡಿಸಿದೆ, ಗಾಡಿ ಸರಿಹೋಯಿತು. ಪಿಸ್ಟನ್ ಮುಟ್ಟುವ ಕೆಲಸವೇ ಬರಲಿಲ್ಲ.

ಡೀಸೆಲ್ ಗಾಡಿಗೆ ಈ ಗೇಜ್ ಹಾಕಬೇಡಿ. ಅಲ್ಲಿ ಒತ್ತಡ 300 ಪಿಎಸ್‌ಐ ದಾಟುತ್ತದೆ, ಗೇಜೇ ಬೇರೆ. ಆಯಿಲ್ ಹಾಕುವ ಪರೀಕ್ಷೆಯೂ ಅದಕ್ಕೆ ಬೇಡ.

ಸಿಎನ್‌ಜಿ ಹಾಕಿಸಿಕೊಂಡವರು ಒಂದು ಮಾತು ಕೇಳಿ. ಗ್ಯಾಸಿನಲ್ಲಿ ವಾಲ್ವ್ ಸೀಟ್ (ವಾಲ್ವ್ ಕೂರುವ ಜಾಗ) ಬೇಗ ಸವೆದು ಟ್ಯಾಪೆಟ್ ಗ್ಯಾಪ್ (ವಾಲ್ವಿನ ತುದಿಗೆ ಬಿಟ್ಟ ಸಣ್ಣ ಸಂದು) ಕಡಿಮೆಯಾಗುತ್ತದೆ, ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಗ್ಯಾಪ್ ಹೊಂದಿಸಲು ಬರುವ ಎಂಜಿನ್ ಆದರೆ ಅದನ್ನು ಮೊದಲು ಸರಿ ಮಾಡಿಸಿ, ಮತ್ತೆ ಗೇಜ್ ಹಾಕಿ. ಅಂಕಿ ಮೇಲೆ ಬಂದರೆ ಹೆಡ್ ಬಿಚ್ಚುವುದೂ ಬೇಡ.