ಕೂತು ಓಡಿಸುವ ಮೋವರ್: ಮಗು ಒಳಗೆ ಹೋದಮೇಲೆ ಕೀಲಿ

ಪೆನ್ಸಿಲ್ವೇನಿಯಾದ ನಮ್ಮ ಮನೆಯ ಸುತ್ತ ಎರಡು ಎಕರೆ ಹುಲ್ಲಿದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹೆಚ್ಚುಕಡಿಮೆ ವಾರಕ್ಕೊಮ್ಮೆ ಮೋವರ್, ಅಂದರೆ ಹುಲ್ಲು ಕತ್ತರಿಸುವ ಯಂತ್ರ, ಹತ್ತುತ್ತೇನೆ. ನೋಡುವವರಿಗೆ ಅದು ಪುಟ್ಟ ಕಾರಿನಂತೆ ಕಾಣುತ್ತದೆ. ಆದರೆ ಅಡಿಯಲ್ಲಿರುವ ಬ್ಲೇಡಿನ ತುದಿಯ ವೇಗ ಗಂಟೆಗೆ 300 ಕಿಲೋಮೀಟರ್ ದಾಟಬಲ್ಲದು. ಅದಕ್ಕೆ ಸಿಕ್ಕ ಜಲ್ಲಿಕಲ್ಲು ಸಿಡಿದು ಯಾರ ಕಣ್ಣಿಗೆ ಬಡಿಯುತ್ತದೋ ಹೇಳಲಾಗದು. ಹಾಗಾಗಿ ಮೊದಲು ಇಡೀ ಜಾಗ ನಡೆದು ನೋಡಿ ಕಲ್ಲು, ಒಣಕೊಂಬೆ, ಆಟಿಕೆ ಎಲ್ಲ ಆರಿಸುತ್ತೇನೆ.

ನಾನು ಒಂದಿಷ್ಟೂ ಸಡಿಲ ಬಿಡದ ವಿಷಯ ಮಕ್ಕಳದು. ಅಪ್ಪ ಊರಿಂದ ಬಂದಿದ್ದಾಗ, "ಮೊಮ್ಮಗನ್ನ ತೊಡೆ ಮೇಲೆ ಕೂರಿಸ್ಕೊಂಡು ಒಂದು ರೌಂಡ್ ಹೊಡಿಯೋ, ನೀನೂ ಟ್ರಾಕ್ಟರ್ ಮಡ್‌ಗಾರ್ಡ್ ಮೇಲೆ ಕೂತೇ ಬೆಳೆದೋನಲ್ವಾ" ಅಂದರು. ನಾನು ಒಪ್ಪಲಿಲ್ಲ. ಚಕ್ರ ಒಂದು ಗುಂಡಿಗಿಳಿದರೂ ಮಗು ಜಾರಿ ಬ್ಲೇಡಿನ ಹತ್ತಿರವೇ ಬೀಳುತ್ತದೆ. ಅದಕ್ಕಿಂತ ದೊಡ್ಡ ಭಯ ಆಮೇಲಿನದು. ಸವಾರಿಯ ರುಚಿ ಹತ್ತಿದ ಮಗು ಮುಂದಿನ ಸಲ ಇಂಜಿನ್ ಸದ್ದು ಕೇಳಿದೊಡನೆ ಯಂತ್ರದ ಕಡೆಗೇ ಓಡಿ ಬರುತ್ತದೆ, ನಮಗೆ ಅದರ ಕೂಗು ಕೇಳಿಸುವುದೂ ಇಲ್ಲ. ನಮ್ಮ ಮನೆಯಲ್ಲಿ ಮಗು ಒಳಗೆ ಹೋಗಿ, ಬಾಗಿಲ ಚಿಲಕ ಬಿದ್ದು, ದೊಡ್ಡವರೊಬ್ಬರು ಪಕ್ಕದಲ್ಲಿ ಕೂತಮೇಲೆ ನಾನು ಕೀಲಿ ತಿರುಗಿಸುವುದು. ಅಡುಗೆ ಮಾಡುತ್ತಾ ನೋಡಿಕೊಳ್ಳುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಸ್ವಂತವಾಗಿ ಓಡಿಸಲು 16 ವರ್ಷ ತುಂಬಿರಬೇಕು ಎನ್ನುತ್ತಾರೆ ಇಲ್ಲಿನ ಮಕ್ಕಳ ವೈದ್ಯರ ಸಂಘದವರು.

ಬ್ಲೇಡ್ ತಿರುಗುತ್ತಿರುವಾಗ ರಿವರ್ಸ್ ಹಾಕಿದರೆ ನನ್ನ ಮೋವರ್ ತಾನೇ ಆಫ್ ಆಗುತ್ತದೆ. ಅದನ್ನು ತಪ್ಪಿಸಲು ಕೀಲಿಯಲ್ಲೇ ಒಂದು ಸ್ಥಾನವಿದೆ, ನಾನು ಅದನ್ನು ಮುಟ್ಟುವುದಿಲ್ಲ. ಬ್ಲೇಡ್ ನಿಲ್ಲಿಸಿಯೇ ಹಿಂದಕ್ಕೆ ತೆಗೆಯುತ್ತೇನೆ, ಕತ್ತು ಪೂರ್ತಿ ತಿರುಗಿಸಿ ಹಿಂದೆ, ಕೆಳಗೆ ನೋಡುತ್ತಲೇ.

ಹಿತ್ತಲು ಹಳ್ಳದ ಕಡೆಗೆ ಇಳಿಜಾರು. ಅಲ್ಲಿ ಅಡ್ಡಡ್ಡ ಓಡಿಸಿದರೆ ಪಕ್ಕಕ್ಕೆ ಮಗುಚುತ್ತದೆ, ಅದಕ್ಕೇ ನೇರ ಮೇಲೆ, ನೇರ ಕೆಳಗೆ, ನಿಧಾನಕ್ಕೆ ಹೋಗುತ್ತೇನೆ. ಇಳಿಯುವಾಗ ನ್ಯೂಟ್ರಲ್ ಹಾಕುವುದಿಲ್ಲ. 15 ಡಿಗ್ರಿಗಿಂತ ಕಡಿದಾದರೆ ಬೇಡವೆಂದು ಕೈಪಿಡಿಯಲ್ಲೇ ಇದೆ. ಮಳೆ ಬಂದ ಮಾರನೇ ದಿನ ಆ ಕಡೆಗೇ ಹೋಗುವುದಿಲ್ಲ, ಒದ್ದೆ ಹುಲ್ಲಿನ ಮೇಲೆ ಬ್ರೇಕ್ ಹಿಡಿದರೂ ಚಕ್ರ ಜಾರುತ್ತದೆ. ಹಳ್ಳದಂಚಿನ ಹುಲ್ಲನ್ನು ಕೈಯಲ್ಲಿ ಹಿಡಿಯುವ ಟ್ರಿಮ್ಮರ್‌ನಿಂದ ಕತ್ತರಿಸುತ್ತೇನೆ.

ಪೆಟ್ರೋಲ್ ಹಾಕುವುದು ಇಂಜಿನ್ ತಣ್ಣಗಾದ ಮೇಲೆ, ಗ್ಯಾರೇಜಿನ ಹೊರಗೆ. ಹುಲ್ಲು ಸಿಕ್ಕಿಕೊಂಡರೆ ಬ್ಲೇಡ್ ಆಫ್, ಪಾರ್ಕಿಂಗ್ ಬ್ರೇಕ್, ಇಂಜಿನ್ ಆಫ್, ಕೀಲಿ ಜೇಬಿಗೆ. ಬ್ಲೇಡ್ ಪೂರ್ತಿ ನಿಂತಮೇಲೆ ಕೋಲಿನಿಂದ ತೆಗೆಯುತ್ತೇನೆ, ಕೈ ಹಾಕುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸೀಟಿನಡಿಯ ಸ್ವಿಚ್ ಪರೀಕ್ಷಿಸಲೇಬೇಕು, ಬ್ಲೇಡ್ ತಿರುಗುತ್ತಿರುವಾಗ ಸೀಟಿನಿಂದ ಎದ್ದರೆ ಇಂಜಿನ್ ಆಫ್ ಮಾಡುವುದು ಅದೇ. ಪದೇಪದೇ ಆಫ್ ಆಗುವ ಕಿರಿಕಿರಿ ಬೇಡವೆಂದು ಕೆಲವರು ಅದು ಕೆಲಸ ಮಾಡದಂತೆ ವೈರ್ ಜೋಡಿಸಿಬಿಟ್ಟಿರುತ್ತಾರೆ. ಸಮತಟ್ಟು ಜಾಗದಲ್ಲಿ ಪಾರ್ಕಿಂಗ್ ಬ್ರೇಕ್ ಹಾಕಿ, ಬ್ಲೇಡ್ ಚಾಲೂ ಮಾಡಿ, ಕಾಲು ಮೋವರಿನ ಕಾಲುಹಲಗೆಯ ಮೇಲೇ ಇಟ್ಟು ಸೀಟಿನಿಂದ ಸ್ವಲ್ಪ ಮೇಲೇಳಿ. ಇಂಜಿನ್ ಆಫ್ ಆಗದಿದ್ದರೆ ಅದನ್ನು ಸರಿಮಾಡಿಸದೆ ಮನೆಗೆ ತರಬೇಡಿ.