ಬೇಸಿಗೆ ಸಂಜೆಯ ಬೀದಿ ಫೋಟೋಗ್ರಫಿ, ನಾನು ಮಾಡೋ ರೀತಿ

ಬೇಸಿಗೆ ಸಂಜೆ ಬಿಸಿಲು ಇಳಿದಿದ್ದೇ ತಡ ಇಡೀ ಸಿಟಿ ಬೀದಿಗೆ ಬಂದ್ಬಿಡುತ್ತೆ, ಅಷ್ಟು ಜನರ ಮಧ್ಯೆ ನಿಂತ್ಕೊಂಡು ಮೆನು ಒತ್ತುತ್ತಾ ಇದ್ರೆ ಎದುರಿಗೆ ಆಗ್ತಿರೋದು ಕಣ್ಣಿಗೇ ಬೀಳಲ್ಲ. ಅದಕ್ಕೇ ನಾನು ಕ್ಯಾಮೆರಾ ಕೆಲಸ ಎಲ್ಲಾ ಹೊರಡೋ ಮುಂಚೇನೇ ಮುಗಿಸ್ಕೊಳ್ತೀನಿ, ಬೀದಿಯಲ್ಲಿ ನೋಡೋದು ಮಾತ್ರ.

ಒಂದೇ ಲೆನ್ಸ್, 28 ಎಂಎಂ, ಅಂದ್ರೆ ಅಗಲವಾಗಿ ನೋಡೋ ಲೆನ್ಸ್. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ (ಸೆನ್ಸರ್ 35 ಎಂಎಂ ಫಿಲಂನಷ್ಟು ದೊಡ್ಡದಿರೋದು) ಇದರ ಅಪರ್ಚರನ್ನ, ಅಂದ್ರೆ ಬೆಳಕು ಒಳಗೆ ಬರೋ ತೂತನ್ನ, ಚಿಕ್ಕದಾಗಿ ಎಫ್/8ಕ್ಕೆ ಇಟ್ಟು ಫೋಕಸ್ಸನ್ನ ಕೈಯಲ್ಲೇ ಸುಮಾರು 3.3 ಮೀಟರ್‌ಗೆ ನಿಲ್ಲಿಸಿದ್ರೆ, ಹೆಚ್ಚುಕಮ್ಮಿ 1.7 ಮೀಟರ್‌ನಿಂದ ಹಿಡಿದು ಕಣ್ಣಿಗೆ ಕಾಣೋಷ್ಟು ದೂರದವರೆಗೂ ಎಲ್ಲಾ ಶಾರ್ಪ್ ಆಗೇ ಬರುತ್ತೆ. ಆಮೇಲೆ ಆಟೋಫೋಕಸ್ ಯಾರನ್ನ ಹಿಡಿಯುತ್ತೋ ಅನ್ನೋ ಚಿಂತೆನೇ ಇಲ್ಲ. ಶಟರ್ 1/500 ಸೆಕೆಂಡ್, ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) ಆಟೋ, ಮೇಲಿನ ಮಿತಿ 6400. ಗ್ರೇನ್, ಅಂದ್ರೆ ಕಾಳುಕಾಳು, ಬಂದ್ರೆ ಬರ್ಲಿ, ಶೇಕ್ ಆದ ಮುಖ ಸರಿಮಾಡೋಕೆ ಆಗಲ್ಲ.

ಸೂರ್ಯ ಮುಳುಗೋಕೆ ಮುಂಚಿನ ಹೊತ್ತು ನನಗೆ ತುಂಬಾ ಇಷ್ಟ. ಸೂರ್ಯ ದಿಗಂತದಿಂದ 10 ಡಿಗ್ರಿ ಮೇಲಿದ್ದಾಗ ಸಮತಟ್ಟಾದ ನೆಲದ ಮೇಲೆ ನೆರಳು ಆ ಮನುಷ್ಯನ ಎತ್ತರದ ಐದೂವರೆ ಪಟ್ಟು ಮೀರಿರುತ್ತೆ, ಅಂದ್ರೆ ಒಬ್ಬರು ನಡ್ಕೊಂಡು ಬಂದ್ರೂ ಫ್ರೇಮ್ ತುಂಬುತ್ತೆ. ಕಟ್ಟಡಗಳ ಸಂದಿಯಿಂದ ಬೆಳಕಿನ ಪಟ್ಟಿ ಬೀಳೋ ಜಾಗ ಹುಡುಕಿ, ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ (ಅಂದ್ರೆ ಬೆಳಕು ಅರ್ಧ ಮಾಡಿ), ಅಲ್ಲೇ ನಿಂತ್ಬಿಡ್ತೀನಿ. ಹಿಂದಿನ ಗೋಡೆ ಕಪ್ಪಾಗುತ್ತೆ, ಪಟ್ಟಿಯೊಳಗೆ ಕಾಲಿಟ್ಟವರ ಮುಖ ಮಾತ್ರ ಹೊಳೆಯುತ್ತೆ. ಕಾಯ್ಬೇಕು ಅಷ್ಟೇ, ಜನರ ಹಿಂದೆ ಓಡೋದಕ್ಕಿಂತ ಬೆಳಕಿನ ಹತ್ರ ನಿಲ್ಲೋದು ನನಗೆ ಯಾವಾಗ್ಲೂ ಹೆಚ್ಚು ಕೊಟ್ಟಿದೆ. ಒಂದೇ ಕಡೆ ನಿಂತಿರೋದ್ರಿಂದ ಜನಕ್ಕೂ ನಾನು ಅಲ್ಲಿರೋದು ಗೊತ್ತಿರುತ್ತೆ, ಗಾಬರಿ ಆಗಲ್ಲ.

ಸೂರ್ಯ ಮುಳುಗಿದ ಮೇಲೆ ಬಹಳ ಜನ ಕ್ಯಾಮೆರಾ ಒಳಗಿಡ್ತಾರೆ, ನನ್ನ ಪ್ರಕಾರ ಕಲರ್ ಶುರುವಾಗೋದೇ ಆಗ. ಆಕಾಶದಲ್ಲಿ ಇನ್ನೂ ನೀಲಿ ಇರುತ್ತೆ, ಕೆಳಗೆ ಅಂಗಡಿ ದೀಪಗಳು ಹತ್ಕೊಂಡಿರ್ತವೆ, ಎರಡೂ ಸಮ ಆಗೋ ಆ ಸ್ವಲ್ಪ ಹೊತ್ತಿಗೋಸ್ಕರ ವೈಟ್ ಬ್ಯಾಲೆನ್ಸನ್ನ (ಬೆಳಕಿನ ಬಣ್ಣ ಸರಿಹೊಂದಿಸೋ ಸೆಟ್ಟಿಂಗ್) ಡೇಲೈಟ್‌ಗೇ ಫಿಕ್ಸ್ ಮಾಡಿಟ್ಟಿರ್ತೀನಿ, ಆಟೋಗೆ ಬಿಟ್ರೆ ದೀಪದ ಕೇಸರಿ ಬಣ್ಣಾನೇ ತೊಳೆದು ಹಾಕುತ್ತೆ. ಅಪರ್ಚರ್ ಎಫ್/2.8ಕ್ಕೆ ಅಗಲ ತೆಗೀತೀನಿ, ಆಗ ಶಾರ್ಪ್ ಇರೋ ದೂರ ಕಮ್ಮಿಯಾಗುತ್ತೆ, ಅದಕ್ಕೇ ಇಲ್ಲಿಂದ ಆಟೋಫೋಕಸ್.

ದೀಪಗಳಲ್ಲಿ ಒಂದು ತೊಂದರೆ ಇದೆ. 50 ಹರ್ಟ್ಜ್ ಕರೆಂಟ್ ಇರೋ ಕಡೆ ಎಷ್ಟೋ ಎಲ್‌ಇಡಿ, ಟ್ಯೂಬ್‌ಲೈಟ್‌ಗಳು ಸೆಕೆಂಡಿಗೆ 100 ಸಲ ಮಿನುಗ್ತವೆ, ಕಣ್ಣಿಗೆ ಗೊತ್ತಾಗಲ್ಲ, ಆದ್ರೆ ಚಿತ್ರವನ್ನ ಸಾಲುಸಾಲಾಗಿ ಓದೋ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಫಾಸ್ಟ್ ಸ್ಪೀಡ್ ಹಾಕಿದ್ರೆ ಫೋಟೋ ತುಂಬಾ ಪಟ್ಟೆಪಟ್ಟೆ. ಹಾಗಾಗಿ ಮೆಕ್ಯಾನಿಕಲ್ ಶಟರ್‌ಗೆ ಬದಲಾಯಿಸಿ 1/100ಕ್ಕೆ ಇಳೀತೀನಿ. ಆ ಸ್ಪೀಡಲ್ಲಿ ಹತ್ರ ನಡ್ಕೊಂಡು ಹೋಗೋರು ಅಲುಗಾಡ್ತಾರೆ, ಅದಕ್ಕೆ ಕಣ್ಣು ತಾನಾಗೇ ನಿಂತವರ ಕಡೆ ಹೋಗುತ್ತೆ: ಬಸ್‌ಗೆ ಕಾಯೋರು, ಫೋನ್ ಬೆಳಕಲ್ಲಿ ಮುಖ ಕಾಣೋರು, ಗಾಜಿನ ಆಚೆ ಕೂತವರು. ಗಾಜಿನ ಮೂಲಕ ನೋಡೋದನ್ನ ನಾನು ಕಲಿತಿದ್ದು ಸಾಲ್ ಲೈಟರ್ ಅವರ ಚಿತ್ರಗಳಿಂದ. 1950ರ ದಶಕದಲ್ಲೇ ನ್ಯೂಯಾರ್ಕ್ ಬೀದಿಗಳನ್ನ ಕಲರ್‌ನಲ್ಲಿ ತೆಗೆದವರು ಅವರು, ಪೇಂಟರ್ ಕೂಡ ಹೌದು, ಮಬ್ಬಾದ ಗಾಜು, ಅದರ ಹಿಂದೆ ಒಂದು ಕೆಂಪು ಚುಕ್ಕೆ, ಅಷ್ಟೇ ಸಾಕಾಗ್ತಿತ್ತು ಅವರಿಗೆ.

ಜನರ ವಿಷ್ಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಯಾರಾದ್ರೂ ಕೈ ಅಡ್ಡ ಮಾಡಿದ್ರೆ ಕ್ಯಾಮೆರಾ ಕೆಳಗೆ, ಆಗ್ಲೇ ತೆಗೆದಿದ್ರೆ ಅವರ ಮುಂದೇನೇ ಡಿಲೀಟ್. ಮಲಗಿರೋರು, ಅಳ್ತಿರೋರು, ಕುಡಿದು ಬಿದ್ದಿರೋರು ಬೇಡವೇ ಬೇಡ. ಮಕ್ಕಳಾದ್ರೆ ಅಪ್ಪ ಅಮ್ಮನ್ನ ಕೇಳಿ. ಕೆಲವು ದೇಶಗಳಲ್ಲಂತೂ ಗುರುತು ಸಿಗೋ ಮುಖಾನ ಒಪ್ಪಿಗೆ ಇಲ್ದೆ ಪ್ರಕಟಿಸೋಕೆ ಕಾನೂನೇ ಅಡ್ಡ ಬರುತ್ತೆ, ಹೋಗೋ ಮುಂಚೆ ಓದ್ಕೊಳ್ಳಿ.

ಮನೆಗೆ ಬಂದು ಫೈಲ್‌ಗಳನ್ನ ಕಾಪಿ ಮಾಡಿ ಮುಚ್ಚಿಡ್ತೀನಿ, ಕೆಲವು ವಾರ ತೆರೆಯಲ್ಲ. ಅಮೆರಿಕದ ಬೀದಿ ಫೋಟೋಗ್ರಾಫರ್ ಗ್ಯಾರಿ ವಿನೋಗ್ರಾಂಡ್ ಫಿಲಂ ರೋಲ್‌ಗಳನ್ನ ಬೇಕಂತಲೇ ತಡ ಮಾಡಿ ಡೆವಲಪ್ ಮಾಡ್ತಿದ್ರು, ತೆಗೆದಾಗಿನ ಖುಷಿ ಆರಿದ್ಮೇಲೆ ಆರಿಸೋಣ ಅಂತ. ನಾನೂ ಹಾಗೇ ಮಾಡೋಕೆ ಶುರುಮಾಡಿದ್ಮೇಲೆ ಇಟ್ಕೊಳ್ಳೋ ಫೋಟೋ ಕಮ್ಮಿಯಾಗಿವೆ, ಆದ್ರೆ ಅವನ್ನ ಪ್ರಿಂಟ್ ಹಾಕ್ಸೋಕೆ ಯೋಚನೆ ಮಾಡಲ್ಲ.