ದಡಾರ ನಿಮ್ಮೂರಲ್ಲಿ ಹಬ್ಬಬಹುದೇ? ನೀವೇ ಲೆಕ್ಕ ಹಾಕಿ

‘ಇಲ್ಲಿ ನೂರಕ್ಕೆ 90 ಮಕ್ಕಳಿಗೆ ದಡಾರದ ಲಸಿಕೆ ಆಗಿದೆ.’ ಕೇಳಿದರೆ ಡಿಸ್ಟಿಂಕ್ಷನ್ ಬಂದ ಹಾಗಿದೆ, ಅಲ್ವಾ? ದಡಾರದ ಪರೀಕ್ಷೆಯಲ್ಲಿ ಇದು ಫೇಲ್. ಯಾಕೆ ಅಂತ ತಿಳಿಯಲು ಒಂದು ಪೆನ್ನು, ಒಂದು ಚೀಟಿ ಸಾಕು.

ಮೊದಲು ಸರಿಯಾದ ಅಂಕಿ ಕೇಳಿ ಪಡೆಯಿರಿ. ಬೇಕಿರುವುದು ಎರಡನೇ ಡೋಸಿನ ಅಂಕಿ, ಮೊದಲನೆಯದ್ದಲ್ಲ. 9 ತಿಂಗಳಲ್ಲಿ ಹಾಕಿಸಿದ ಒಂದು ಡೋಸ್ ನೂರರಲ್ಲಿ ಸುಮಾರು 85 ಮಕ್ಕಳನ್ನು ಕಾಯುತ್ತದೆ. ಎರಡೂ ಆದರೆ ಸುಮಾರು 97. ನಿಮ್ಮೂರಲ್ಲಿ ಮೊದಲ ಡೋಸ್ ಆದವರ ಮತ್ತು ಎರಡನೇ ಡೋಸ್ ಆದವರ ಅಂಕಿಗಳ ನಡುವೆ ಅಂತರ ಜಾಸ್ತಿ ಇದೆಯಾ? ಹಾಗಾದರೆ ಒಮ್ಮೆ ಬಂದವರು ಮತ್ತೆ ಬಂದಿಲ್ಲ. ಇವರಲ್ಲಿ ಹೆಚ್ಚಿನವರಿಗೆ ಉಪದೇಶ ಬೇಕಿಲ್ಲ, ಒಂದು ಫೋನ್ ಮಾಡಿ ನೆನಪಿಸಿದರೆ ಸಾಕು ಅನ್ನೋದು ನನ್ನ ಲೆಕ್ಕ.

ಆಮೇಲೆ ಜಿಲ್ಲೆಯ ಸರಾಸರಿಯನ್ನು ಪಕ್ಕಕ್ಕಿಟ್ಟು ಒಂದು ಶಾಲೆಯನ್ನೇ ನೋಡಿ. ಲಸಿಕೆ ಬಿಟ್ಟ ಮನೆಗಳು ಹೆಚ್ಚಾಗಿ ಅಕ್ಕಪಕ್ಕದಲ್ಲೇ ಇರುತ್ತವೆ. ಸರಾಸರಿ ಅದನ್ನು ಮುಚ್ಚಿಬಿಡುತ್ತದೆ.

ಈಗ ಲೆಕ್ಕ. ಶಾಲೆಯಲ್ಲಿ 200 ಮಕ್ಕಳು, 180 ಮಕ್ಕಳಿಗೆ ಎರಡೂ ಡೋಸ್ ಆಗಿದೆ ಅನ್ನಿ. ಅದರಲ್ಲಿ ನಿಜಕ್ಕೂ ರಕ್ಷಣೆ ಸಿಕ್ಕಿರುವುದು ಸುಮಾರು 175 ಮಕ್ಕಳಿಗೆ. ಉಳಿದವರು 25, ಅಂದರೆ ಎಂಟಕ್ಕೆ ಒಂದು ಮಗು. ಯಾರಿಗೂ ರಕ್ಷಣೆ ಇಲ್ಲದ ಕಡೆ ಒಬ್ಬರಿಂದ 12ರಿಂದ 18 ಜನರಿಗೆ ದಡಾರ ಅಂಟುತ್ತದೆ. 15 ಅಂತ ಇಟ್ಟುಕೊಂಡು 8ರಿಂದ ಭಾಗಿಸಿ. ಹತ್ತಿರ ಹತ್ತಿರ ಎರಡು. ಒಂದು ಮಗುವಿನಿಂದ ಎರಡಕ್ಕೆ, ಎರಡರಿಂದ ನಾಲ್ಕಕ್ಕೆ. ಒಂದಕ್ಕಿಂತ ಕೆಳಗೆ ಬಂದರೆ ಮಾತ್ರ ಸರಪಳಿ ತಾನಾಗಿ ಕಡಿಯುತ್ತದೆ. ಇದೇ ಶಾಲೆಯಲ್ಲಿ ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿದ್ದರೆ ಉತ್ತರ 1.2. ಗುರಿ ಅಂತ ಎಲ್ಲರೂ ಹೇಳುವ ಆ 95 ಕೂಡ ನಿಶ್ಚಿಂತೆಯಾಗಿ ನಿದ್ದೆ ಮಾಡುವ ಅಂಕಿಯಲ್ಲ.

ಇದಕ್ಕೆ ವರ್ಷಗಳನ್ನೂ ಕೂಡಿಸಿ. ವರ್ಷಕ್ಕೆ 1000 ಮಕ್ಕಳು ಹುಟ್ಟುವ ಕಡೆ ಎರಡೂ ಡೋಸ್ ಆಗುವುದು 900 ಮಕ್ಕಳಿಗೆ ಎಂದಿಟ್ಟುಕೊಳ್ಳಿ. ಲಸಿಕೆ ಬಿಟ್ಟವರು 100, ಹಾಕಿಸಿದರೂ ರಕ್ಷಣೆ ಸಿಗದವರು ಸುಮಾರು 27. ರೋಗ ಬರದಿದ್ದರೆ ಎಂಟು ವರ್ಷಕ್ಕೆ ಇವರು ಸಾವಿರ ದಾಟುತ್ತಾರೆ. ಒಂದು ಇಡೀ ವರ್ಷ ಹುಟ್ಟಿದ ಮಕ್ಕಳಷ್ಟು! ‘ನಮ್ಮಲ್ಲಿ ಎಷ್ಟೋ ವರ್ಷದಿಂದ ದಡಾರವೇ ಇಲ್ಲ’ ಅನ್ನುವ ಮಾತು ಕೇಳಿದರೆ ನನಗೆ ಸಮಾಧಾನಕ್ಕಿಂತ ಆತಂಕವೇ ಜಾಸ್ತಿ. ಒಣಹುಲ್ಲು ಸುಮ್ನೆ ಒಟ್ಟಾಗುತ್ತಿರುತ್ತದೆ, ಕಿಡಿ ಬಿದ್ದಿರುವುದಿಲ್ಲ ಅಷ್ಟೇ.

ಲೆಕ್ಕ ಮುಗಿದ ಮೇಲೆ ನಿಮ್ಮ ಮಗುವಿನ ಲಸಿಕೆ ಕಾರ್ಡ್ ತೆಗೆಯಿರಿ. ಎರಡನೇ ಡೋಸಿನ ಮುಂದೆ ತಾರೀಖು ಇಲ್ಲದಿದ್ದರೆ, ಎಷ್ಟು ತಡವಾಗಿದ್ದರೂ ಹಾಕಿಸಬಹುದು. ಲಸಿಕೆ ಆಗದ ಮಗು ರೋಗಿಯ ಹತ್ತಿರ ಹೋಗಿತ್ತು ಅಂತ ಗೊತ್ತಾದರೆ 72 ಗಂಟೆಯೊಳಗೆ ಹಾಕಿಸಿದರೂ ಪ್ರಯೋಜನ ಆಗಬಹುದು.

ಇನ್ನೊಂದು ಮಾತು. ಜ್ವರ, ಕೆಮ್ಮು, ಕೆಂಪು ಕಣ್ಣು, ಮುಖದಿಂದ ಕೆಳಗಿಳಿಯುವ ಗಂಧೆ ಕಂಡರೆ ಮಗುವನ್ನು ಎತ್ತಿಕೊಂಡು ನೇರ ಕ್ಲಿನಿಕ್ಕಿಗೆ ಓಡಬೇಡಿ. ಮೊದಲು ಫೋನ್ ಮಾಡಿ. ರೋಗಿ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ವೈರಸ್ ಆ ಕೋಣೆಯ ಗಾಳಿಯಲ್ಲಿ ಉಳಿಯಬಹುದು. ಅದೇ ಬೆಂಚಿನಲ್ಲಿ ಆರು ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡು ಯಾರೋ ಕೂತಿರುತ್ತಾರೆ. ಆ ಕೂಸಿಗೆ ಲಸಿಕೆಯ ವಯಸ್ಸೇ ಆಗಿರುವುದಿಲ್ಲ.